ಪದ ಪರಿಚಯ: ಪ್ಯಾರಲಲ್ ಸ್ಟ್ರಕ್ಚರ್

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಈ ಗಾದೆಯ ಎರಡನೇ ಅರ್ಧವನ್ನು 'ಮಾತಾಡಲು ಬಂದರೆ ಜಗಳ ಆಗುವುದಿಲ್ಲ' ಎಂದು ಬದಲಿಸಿ ನೋಡಿ. ಅರ್ಥ ಉಳಿಯುತ್ತದೆ, ಗಾದೆ ಕುಂಟುತ್ತದೆ. ವಾಕ್ಯದಲ್ಲಿ ಒಂದೇ ಕೆಲಸ ಮಾಡುವ ತುಂಡುಗಳು ಒಂದೇ ರೂಪದಲ್ಲಿ ನಿಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಪ್ಯಾರಲಲ್ ಸ್ಟ್ರಕ್ಚರ್ ಎನ್ನುತ್ತಾರೆ. ಕನ್ನಡದಲ್ಲಿ ಸಮಾನ ರಚನೆ ಎಂದರೆ ಸರಿಹೋಗುತ್ತದೆ.

ಮುಂಬೈ, ಪುಣೆಯ ಕನ್ನಡ ಮಕ್ಕಳ ನೋಟ್‌ಬುಕ್ಕಿನಲ್ಲಿ ಇಂಥ ವಾಕ್ಯ ಸಿಗುತ್ತದೆ: 'ಐ ಲೈಕ್ ರೀಡಿಂಗ್, ಟು ಸ್ವಿಮ್ ಆ್ಯಂಡ್ ಪ್ಲೇ ಕ್ರಿಕೆಟ್.' ಇದನ್ನು ಅಜಾಗ್ರತೆ ಎಂದು ಕೆಂಪು ಗೆರೆ ಎಳೆದು ಮುಂದೆ ಹೋಗುವುದು ಮಗುವಿಗೆ ಮಾಡುವ ಅನ್ಯಾಯ. ಮನೆಯಲ್ಲಿ ಅದು 'ಓದುವುದು, ಈಜುವುದು, ಆಡುವುದು ಇಷ್ಟ' ಎನ್ನುತ್ತದೆ. ಬಿಲ್ಡಿಂಗಿನ ಗೆಳೆಯರ ಜೊತೆ ಹಿಂದಿಯಲ್ಲಿ 'ಪಢನಾ, ತೈರನಾ' ಎನ್ನುತ್ತದೆ, ಮರಾಠಿಯಲ್ಲಿ 'ವಾಚಾಯಲಾ, ಪೋಹಾಯಲಾ ಆವಡತಂ' ಎನ್ನುತ್ತದೆ. ಇಷ್ಟ ಹೇಳಲು ಅದಕ್ಕೆ ಮೂರೂ ಭಾಷೆಗಳಲ್ಲಿ ಒಂದೊಂದೇ ರೂಪ ಸಾಕು. ಇಂಗ್ಲಿಷ್ ಮಾತ್ರ 'ಟು ರೀಡ್', 'ರೀಡಿಂಗ್' ಎಂದು ಎರಡನ್ನು ಮುಂದಿಡುತ್ತದೆ. ಮಗುವಿಗೆ ಎರಡೂ 'ಓದುವುದು'. ಹಾಗಾಗಿ ಕೈಗೆ ಸಿಕ್ಕಿದ್ದನ್ನು ಬರೆಯುತ್ತದೆ.

ತಪ್ಪು ಎಲ್ಲಿದೆ ಎಂದು ನಿಖರವಾಗಿ ಹೇಳಬೇಕು. 'ಲೈಕ್' ಆದ ಮೇಲೆ ಎರಡು ರೂಪವೂ ಸರಿ, ಬೆರೆಸುವುದು ಮಾತ್ರ ತಪ್ಪು. 'ಎಂಜಾಯ್' ಬಂದರೆ 'ಇಂಗ್' ರೂಪವೇ ಬೇಕು. 'ವಾಂಟ್', 'ಡಿಸೈಡ್' ಬಂದರೆ 'ಟು' ಬೇಕು. ಅಂದರೆ ರೂಪವನ್ನು ಗೊತ್ತು ಮಾಡುವುದು ಅದಕ್ಕಿಂತ ಮೊದಲು ಬಂದ ಕ್ರಿಯಾಪದ.

ಕಲಿಸುವಾಗ 'ಆ್ಯಂಡ್', 'ಆರ್', 'ಬಟ್' ಇವುಗಳಿಂದ ಶುರು ಮಾಡಿ. ಮಗು ಆ ಪದಕ್ಕೆ ಸುತ್ತು ಹಾಕಲಿ, ಅದರ ಬಲಗಡೆ ಏನಿದೆ ನೋಡಲಿ, ಆಮೇಲೆ ಅದರ ಜೊತೆಗಾರರನ್ನು ಎಡಗಡೆ ಹುಡುಕಲಿ. ಬೋರ್ಡಿನ ಮೇಲೆ 'ಐ ಲೈಕ್' ಒಂದೇ ಸಲ ಬರೆದು, ಅದರ ಪಕ್ಕದಲ್ಲಿ ತುಂಡುಗಳನ್ನು ಒಂದರ ಕೆಳಗೊಂದು ನಿಲ್ಲಿಸಿ. ಮೊದಲು ಅಡ್ಡ ಓದಿಸಿ: ಪ್ರತಿ ತುಂಡಿಗೂ 'ಐ ಲೈಕ್' ಸೇರಿಸಿ, ಗಟ್ಟಿಯಾಗಿ. 'ಐ ಲೈಕ್ ಪ್ಲೇ ಕ್ರಿಕೆಟ್' ಎಂದ ಕೂಡಲೇ ಏನೋ ತಪ್ಪಿದೆ ಎಂದು ಕಿವಿಗೆ ಗೊತ್ತಾಗುತ್ತದೆ. ಆದರೆ 'ಐ ಲೈಕ್ ಟು ಸ್ವಿಮ್' ಅಡ್ಡ ಓದಿನಲ್ಲಿ ಸಿಕ್ಕಿಬೀಳುವುದಿಲ್ಲ, ಒಂಟಿಯಾಗಿ ಅದು ಸರಿಯಾದ ವಾಕ್ಯವೇ. ಅದಕ್ಕೇ ಎರಡನೇ ಸಲ ಮೇಲಿನಿಂದ ಕೆಳಗೆ ಓದಿಸಬೇಕು. ಆಗ 'ರೀಡಿಂಗ್' ಕೆಳಗೆ 'ಟು ಸ್ವಿಮ್' ಬಂದು, ರೂಪ ಬೇರೆಯಾಗಿರುವುದು ಕಾಣುತ್ತದೆ. ಬಹಳ ಕಡೆ ಈ ಎರಡನೇ ಓದನ್ನು ಬಿಟ್ಟುಬಿಡುತ್ತಾರೆ, ಮಕ್ಕಳು ಎಡವುವುದೂ ಅಲ್ಲೇ.

ಮೊದಲ ದಿನ ಎರಡೇ ತುಂಡಿರುವ 5 ವಾಕ್ಯ ಸಾಕು. ಮೂರು ತುಂಡಿನವು ಮರುದಿನ. ತಪ್ಪು ವಾಕ್ಯ ಕೊಟ್ಟು ತಿದ್ದಿಸುವುದಕ್ಕೆ ಮುಂಚೆ ಸರಿಯಾದ ಅರ್ಧ ವಾಕ್ಯ ಕೊಟ್ಟು ಮುಂದುವರಿಸಲು ಹೇಳಿ. ಇಲ್ಲವಾದರೆ ತಪ್ಪು ರೂಪವೇ ನೆನಪಿನಲ್ಲಿ ಕೂರುತ್ತದೆ. ಇನ್ನೊಂದು ಎಚ್ಚರ: ಪ್ರಾಸ ಹಿಡಿದು ಹೋಗುವ ಮಕ್ಕಳು 'ರೀಡಿಂಗ್, ಸಿಂಗಿಂಗ್ ಆ್ಯಂಡ್ ಈವ್ನಿಂಗ್' ಎಂದು ಬರೆಯುವುದುಂಟು. ಕೊನೆಯ ಸದ್ದು ಒಂದೇ ಆದರೆ ಸಾಲದು, ತುಂಡುಗಳು ಒಂದೇ ಜಾತಿಯವಾಗಿರಬೇಕು.

'ಟು' ಎಷ್ಟು ಸಲ ಬರೆಯಬೇಕು ಎಂಬ ಪ್ರಶ್ನೆಗೆ ಗಣಿತದ ಬ್ರಾಕೆಟ್ ನೆನಪಿಸಿ. ಹೊರಗಿನ ಸಂಖ್ಯೆ ಒಳಗಿನ ಎಲ್ಲವನ್ನೂ ಗುಣಿಸುವ ಹಾಗೆ, ಒಂದೇ 'ಟು' ಹೊರಗೆ ನಿಂತು 'ರೀಡ್, ರೈಟ್ ಆ್ಯಂಡ್ ಸಿಂಗ್' ಮೂರಕ್ಕೂ ಸಲ್ಲುತ್ತದೆ. ಮೂರಕ್ಕೂ ಬೇರೆ ಬೇರೆ 'ಟು' ಕೊಟ್ಟರೂ ಸರಿ. ಎರಡಕ್ಕೆ ಕೊಟ್ಟು ಒಂದಕ್ಕೆ ಬಿಡಬಾರದು. ತುಂಡುಗಳು ಉದ್ದವಾದಷ್ಟೂ ಮತ್ತೆ ಮತ್ತೆ ಬರೆಯುವುದೇ ಮೇಲು. ಪುಣೆಯ ಬಾಲಭಾರತಿ ಹೊರತರುವ ಪಠ್ಯಪುಸ್ತಕಗಳ ಮೊದಲ ಪುಟಗಳಲ್ಲಿ ಸಂವಿಧಾನದ ಪ್ರಸ್ತಾವನೆ ಇರುತ್ತದೆ. ಆ ಪ್ರಸ್ತಾವನೆಯ ಇಂಗ್ಲಿಷ್ ರೂಪದಲ್ಲಿ 'ಟು ಕಾನ್‌ಸ್ಟಿಟ್ಯೂಟ್', 'ಟು ಸೆಕ್ಯೂರ್', 'ಟು ಪ್ರಮೋಟ್' ಮೂರನ್ನೂ ಗುರುತು ಮಾಡಿಸಿ. ನಡುವೆ ಅಷ್ಟೊಂದು ಪದಗಳಿದ್ದರೂ ಓದುವವರಿಗೆ ದಾರಿ ತಪ್ಪುವುದಿಲ್ಲ. ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಗೈಡ್‌ಗಳಲ್ಲಿ ಹುಡುಕಬೇಕಾಗಿಲ್ಲ.

ಕನ್ನಡದ ಸರಪಳಿ ವಾಕ್ಯದಿಂದ ಬರುವ ತೊಡಕು ಬೇರೆ. 'ಎದ್ದು, ಸ್ನಾನ ಮಾಡಿ, ಡಬ್ಬಿ ಹಿಡಿದು ಲೋಕಲ್ ಹತ್ತಿದ' ಎನ್ನುವಾಗ ಕಾಲವನ್ನು ಹೊರುವುದು ಕೊನೆಯ ಕ್ರಿಯಾಪದವೊಂದೇ. ಇಂಗ್ಲಿಷಿನಲ್ಲಿ 'ಗಾಟ್ ಅಪ್, ಬೇದ್ಡ್, ಟುಕ್ ಹಿಸ್ ಡಬ್ಬಾ ಆ್ಯಂಡ್ ಕಾಟ್ ದ ಲೋಕಲ್' ಎಂದು ನಾಲ್ಕೂ ಹೊರಬೇಕು.

'ನಾಟ್ ಓನ್ಲಿ... ಬಟ್ ಆಲ್ಸೋ' ಜೋಡಿಯಲ್ಲಿ ಜಾಗವೇ ಮುಖ್ಯ. 'ಹಿ ನಾಟ್ ಓನ್ಲಿ ಸ್ಪೀಕ್ಸ್ ತುಳು ಬಟ್ ಆಲ್ಸೋ ಮರಾಠಿ' ಎಂದರೆ ಒಂದು ಕಡೆ ಕ್ರಿಯಾಪದ, ಇನ್ನೊಂದು ಕಡೆ ಬರೀ ಭಾಷೆಯ ಹೆಸರು. 'ಹಿ ಸ್ಪೀಕ್ಸ್ ನಾಟ್ ಓನ್ಲಿ ತುಳು ಬಟ್ ಆಲ್ಸೋ ಮರಾಠಿ' ಎಂದಾಗ ತಕ್ಕಡಿ ಸಮ. ಹೋಲಿಕೆಯಲ್ಲೂ ಹೀಗೇ. 'ಪುಣೆಯ ಬಾಡಿಗೆ ಹುಬ್ಬಳ್ಳಿಗಿಂತ ಹೆಚ್ಚು' ಎನ್ನುವುದನ್ನು ಕನ್ನಡ ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಬಾಡಿಗೆಯನ್ನು ಊರಿನೊಡನೆ ತೂಗಿದಂತಾಗುತ್ತದೆ. ಅಲ್ಲಿ 'ದ ರೆಂಟ್ ಇನ್ ಪುಣೆ ಈಸ್ ಹೈಯರ್ ದ್ಯಾನ್ ದ್ಯಾಟ್ ಇನ್ ಹುಬ್ಬಳ್ಳಿ' ಎಂದು 'ದ್ಯಾಟ್' ಸೇರಿಸಬೇಕು.

ಈ ಪಾಠ ಮುಗಿದ ಮೇಲೆ ಕೆಲವರು ಅತಿಯಾಗಿ ತಿದ್ದತೊಡಗುತ್ತಾರೆ. ತುಂಡುಗಳ ಉದ್ದ ಒಂದೇ ಇರಬೇಕಾಗಿಲ್ಲ. ಕಾಲವೂ ಒಂದೇ ಇರಬೇಕಾಗಿಲ್ಲ. 'ಹಿ ಕೇಮ್ ಟು ಮುಂಬೈ ಇನ್ 1998 ಆ್ಯಂಡ್ ನೌ ವರ್ಕ್ಸ್ ಇನ್ ಫೋರ್ಟ್' ಎಂಬಲ್ಲಿ ಬಂದದ್ದು ಹಿಂದೆ, ದುಡಿಯುತ್ತಿರುವುದು ಈಗ. ಎರಡೂ ಕಾಲ ಹೊತ್ತ ಪೂರ್ಣ ಕ್ರಿಯಾಪದಗಳೇ. ಅಲ್ಲಿ ಕೆಂಪು ಪೆನ್ನಿಗೆ ಕೆಲಸವಿಲ್ಲ.