ನಾಯಿ ದೂರ ಇಲ್ಲ, ಬೆಳಕು ಕಮ್ಮಿ ಇದೆ

ಹೋದ ಮಳೆಗಾಲದಲ್ಲಿ ಯಲ್ಲಾಪುರ ಕಡೆಯವರೊಬ್ಬರು ನಮ್ಮ ಶಿರಸಿ ಸ್ಟುಡಿಯೋಗೆ ಬಂದರು. ಕೈಯಲ್ಲಿ 150-600 ಎಂಎಂ ಝೂಮ್ ಲೆನ್ಸ್. ಈ ಎಂಎಂ ನಂಬರ್ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ. ಹೊಚ್ಚ ಹೊಸದು, ಸುಮಾರು 2 ಕೆಜಿ ತೂಕದ್ದು. ಅವರ ಮನೆಯಲ್ಲಿ ತೋಟ ಕಾಯುವ ನಾಯಿ ಇದೆ. ಮಂಗನ ಹಿಂಡು ಬಂದರೆ ಅದು ಮರದಿಂದ ಮರಕ್ಕೆ ಅಟ್ಟಿಸಿಕೊಂಡು ಹೋಗುತ್ತದಂತೆ. ಅದರದ್ದು ಒಂದು ಒಳ್ಳೆ ಫೋಟೋ ಬೇಕು ಅಂತ ಒಂದು ವಾರ ತೋಟದಲ್ಲಿ ಉಂಬಳ ಕಚ್ಚಿಸಿಕೊಂಡು ಕೂತಿದ್ದಾರೆ. ನೂರಾರು ಫೋಟೋ ತೆಗೆದಿದ್ದಾರೆ. ಒಂದರಲ್ಲೂ ನಾಯಿಯ ಕಣ್ಣು ಕಾಣುವುದಿಲ್ಲ, ಮುಖ ಅಂದರೆ ಬರೀ ಕಲಸಿದ ಹಾಗೆ.

"ಲೆನ್ಸೇ ಸರಿ ಇಲ್ಲೆ ಕಾಣ್ತು, ಅಲ್ದ ಭಾವ?" ಅಂದರು.

ಲೆನ್ಸ್ ಸರಿಯಾಗೇ ಇತ್ತು. ಫೋಟೋದ ಮಾಹಿತಿ ತೆಗೆದು ನೋಡಿದೆ. ಅಪರ್ಚರ್ ಎಫ್ 6.3, ಶಟರ್ 1/200, ಐಎಸ್ಓ 6400. ಅಪರ್ಚರ್ ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಂಡಿ, ಎಫ್ ನಂಬರ್ ಸಣ್ಣದಾದಷ್ಟು ಕಂಡಿ ದೊಡ್ಡದು. ಶಟರ್ 1/200 ಅಂದರೆ ಅದು ಸೆಕೆಂಡಿನ ಇನ್ನೂರನೇ ಒಂದು ಭಾಗ ತೆರೆದಿರುತ್ತದೆ. ಐಎಸ್ಓ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ. ಆ ನಂಬರ್ ನೋಡಿದ ಮೇಲೆ ನನಗೆ ಬೇರೆ ಏನೂ ಕೇಳಬೇಕು ಅನ್ನಿಸಲಿಲ್ಲ.

ನಾಯಿ ಫೋಟೋ ತೆಗೆಯುವವರು ನನ್ನ ಹತ್ತಿರ ಬಂದರೆ ಹತ್ತರಲ್ಲಿ ಎಂಟು ಜನ ಕೇಳುವುದು ಒಂದೇ ಪ್ರಶ್ನೆ. ಎಷ್ಟು ಝೂಮ್ ಬೇಕು? 300 ಸಾಕಾ, 600 ಬೇಕಾ? ಎಷ್ಟು ಬೆಳಕು ಒಳಗೆ ಬರುತ್ತದೆ ಅಂತ ಕೇಳುವವರು ತೀರಾ ಕಮ್ಮಿ. ಹಾಗಾಗಿ ಈ ಸಲ ಇದೊಂದನ್ನೇ ಬಿಡಿಸಿ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಸ್ವಲ್ಪ ತಾಳಿಕೊಳ್ಳಿ.

ನಮ್ಮ ಕಡೆ ಹಂಚಿನ ಮನೆಗಳಲ್ಲಿ ಅಡುಗೆಮನೆ ಮಾಡಿಗೆ ಗಾಜಿನ ಹಂಚು ಹಾಕಿರುತ್ತಾರೆ, ಅಲ್ವಾ. ಒಂದೇ ಗಾಜಿನ ಹಂಚು ಇದ್ದರೆ ಮಳೆಗಾಲದ ಮಧ್ಯಾಹ್ನ ಅಕ್ಕಿಯಲ್ಲಿರುವ ಕಲ್ಲು ಕಾಣುವುದಿಲ್ಲ. ಐದು ಹಂಚು ಇದ್ದರೆ ಆರಾಮಾಗಿ ಕಾಣುತ್ತದೆ. ಎಫ್ 6.3 ಅಂದರೆ ಒಂದು ಗಾಜಿನ ಹಂಚು. ಎಫ್ 2.8 ಅಂದರೆ ಐದು. ಅಂದಾಜಿಗೆ ಹೇಳಿದ್ದಲ್ಲ, ಲೆಕ್ಕ ಹಾಕಿದರೂ ಐದು ಪಟ್ಟೇ ಬರುತ್ತದೆ. ಐದು ಪಟ್ಟು ಬೆಳಕು ಬಂದರೆ ಶಟರ್ ಐದು ಪಟ್ಟು ಬೇಗ ಮುಚ್ಚಬಹುದು. ಅಂದರೆ ಅವರ 1/200 ಇದ್ದದ್ದು ಅದೇ ಐಎಸ್ಓದಲ್ಲಿ, ಅದೇ ತೋಟದಲ್ಲಿ, ಅದೇ ಹೊತ್ತಿನಲ್ಲಿ 1/1000 ಆಗುತ್ತಿತ್ತು.

ಅದರಿಂದ ನಾಯಿಗೆ ಏನಾಯಿತು ಅಂತ ನೋಡಿ. ಜೋರಾಗಿ ಓಡುವ ನಾಯಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 10 ಮೀಟರ್. ಶಟರ್ 1/200 ಇದ್ದರೆ ಅದು ತೆರೆದು ಮುಚ್ಚುವಷ್ಟರಲ್ಲಿ ನಾಯಿ 5 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕಣ್ಣು ಇದ್ದ ಜಾಗಕ್ಕೆ ಕಿವಿ ಬಂದು ಕೂತಿರುತ್ತದೆ. 1/1000ಕ್ಕೆ ಅದು 1 ಸೆಂಟಿಮೀಟರ್, 1/2000ಕ್ಕೆ ಅರ್ಧ. ಓಡುವ ನಾಯಿಗೆ ನಾನು 1/1000ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆದಷ್ಟು 1/1600ರ ಮೇಲೇ ಇಡುತ್ತೇನೆ.

ಇಷ್ಟು ಹೇಳಿದರೂ ಕೆಲವರು ಲೆನ್ಸಿನ ಡಬ್ಬಿ ತೋರಿಸುತ್ತಾರೆ. ಇದರಲ್ಲಿ ಸ್ಟೆಬಿಲೈಸರ್ ಇದೆ ಸಾರ್, ನಾಲ್ಕು ಸ್ಟಾಪ್ ಅಂತ ಬರೆದಿದ್ದಾರೆ ಅಂತ. (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು, ಇಲ್ಲವೇ ಅರ್ಧ.) ಹೌದು, ಬರೆದಿದ್ದಾರೆ. ಅದು ಸುಳ್ಳಲ್ಲ. ಅದು ಹಿಡಿದು ನಿಲ್ಲಿಸುವುದು ನಿಮ್ಮ ಕೈಯ ನಡುಕವನ್ನು. ನಾಯಿಯನ್ನಲ್ಲ. ದೇವಸ್ಥಾನದ ಗೋಡೆ ತೆಗೆಯುತ್ತೀರಿ, ಕೆರೆಯ ದಂಡೆ ತೆಗೆಯುತ್ತೀರಿ ಅಂದರೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ನಾಯಿ ಓಡುತ್ತಿದ್ದರೆ ಹಿಂದಿನ ಅಡಿಕೆ ಮರಗಳು ನೀಟಾಗಿ ಬರುತ್ತವೆ, ಮುಂದಿನ ನಾಯಿ ಕಲಸಿ ಹೋಗುತ್ತದೆ. ಇದನ್ನು ಮಾತಿನಲ್ಲಿ ಹೇಳಿ ಸಾಕಾಗಿ ಈಗ ಎರಡು ಫೋಟೋ ಪ್ರಿಂಟ್ ಹಾಕಿಸಿ ಸ್ಟುಡಿಯೋ ಗೋಡೆಗೆ ಅಂಟಿಸಿದ್ದೇನೆ.

ಇನ್ನು ಕೆಲವರದ್ದು ಬೇರೆ ಮಾತು. ಈಗ ಕಂಪ್ಯೂಟರಿನಲ್ಲಿ ಎಲ್ಲ ಸರಿ ಮಾಡಬಹುದಲ್ಲ ಅಂತ. ಐಎಸ್ಓ ಜಾಸ್ತಿ ಆಗಿ ಬಂದ ಕಾಳು ಕಾಳನ್ನು ಇವತ್ತಿನ ಸಾಫ್ಟ್‌ವೇರ್ ಚೆನ್ನಾಗೇ ತೆಗೆಯುತ್ತದೆ, ಒಪ್ಪುತ್ತೇನೆ. ಹಾಗಾಗಿ ಐಎಸ್ಓ ಏರಿಸಲು ಹೆದರಬೇಡಿ. ಆದರೆ ನಾಯಿ ಅಲುಗಿ ಕಲಸಿದ ಫೋಟೋದಲ್ಲಿ ಕಣ್ಣಿನ ವಿವರ ದಾಖಲೇ ಆಗಿರುವುದಿಲ್ಲ. ಇಲ್ಲದ್ದನ್ನು ಸಾಫ್ಟ್‌ವೇರ್ ಊಹೆ ಮಾಡಿ ಬರೆದು ಕೊಟ್ಟರೆ ಅದು ನಿಮ್ಮ ನಾಯಿಯ ಕಣ್ಣು ಅಲ್ಲ.

ಈಗ ಝೂಮಿನ ವಿಷಯ. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಸುಮಾರು 9 ಅಡಿ. ನಡುವೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿದ ಕಾಳುಮೆಣಸು. ನೀವು ಎಲ್ಲೇ ನಿಂತರೂ 15-20 ಮೀಟರ್ ಆಚೆಗಿನ ನಾಯಿ ಯಾವುದಾದರೂ ಮರದ ಹಿಂದೆಯೇ ಇರುತ್ತದೆ. 600 ಎಂಎಂ ಇಟ್ಟುಕೊಂಡು ಅಲ್ಲಿ ಏನು ನೋಡುತ್ತೀರಿ? ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 10 ಮೀಟರ್ ದೂರಕ್ಕೆ 200 ಎಂಎಂ ಹಿಡಿದರೆ ಅಡ್ಡಕ್ಕೆ 1.8 ಮೀಟರ್ ಜಾಗ ಕಾಣುತ್ತದೆ. ಬಾಲ ಸಮೇತ ನಾಯಿ ಪೂರ್ತಿ ಕೂರುತ್ತದೆ. ಅದೇ ಜಾಗಕ್ಕೆ 600 ಹಿಡಿದರೆ 60 ಸೆಂಟಿಮೀಟರ್. ತಲೆ ಬರುತ್ತದೆ, ಮೈ ಬರುವುದಿಲ್ಲ. ಅಷ್ಟು ಸಣ್ಣ ಕಿಟಕಿಯಲ್ಲಿ ಓಡುವ ನಾಯಿಯನ್ನು ಹುಡುಕಿ ಹಿಡಿಯುವಷ್ಟರಲ್ಲಿ ಅದು ನಿಮ್ಮ ಕಾಲ ಬುಡಕ್ಕೇ ಬಂದಿರುತ್ತದೆ. ಕೆಲಸದ ನಾಯಿಯ ಸ್ವಭಾವವೇ ಹಾಗೆ. ಯಜಮಾನನ ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಮತ್ತೆ ಬರುತ್ತದೆ. ಎಫ್ 2.8ರ 70-200 ಇದ್ದರೆ ಅದರ ಜೊತೆ ನೀವೂ ಹೋಗಿ ಬರಬಹುದು.

ಎಲ್ಲ ಕಡೆಯೂ ಹೀಗೇ ಅಂತ ನಾನು ಹೇಳುವುದಿಲ್ಲ. ನಿಮ್ಮ ನಾಯಿ ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಕಾರವಾರದ ಕಡಲ ದಂಡೆಯಲ್ಲಿ, ಡಿಸೆಂಬರಿನ ಬಿಸಿಲಿನಲ್ಲಿ, ಎಫ್ 5.6ರ 70-300 ಸಹ ಧಾರಾಳ ಆಯಿತು. ಐಎಸ್ಓ 400ರಲ್ಲೇ 1/2000 ಸಿಗುತ್ತದೆ. ಮುಂಡಗೋಡ ಕಡೆ ಗೌಳಿಗರ ಎಮ್ಮೆ ಮೇಯುವ ಬಯಲಿನಲ್ಲೂ ಬೆಳಕಿಗೆ ಕೊರತೆ ಇಲ್ಲ, ಅಲ್ಲಿ 100-400 ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನಾಯಿ ಒಂದು ಅಂಚಿನಲ್ಲಿ, ನೀವು ಇನ್ನೊಂದು ಅಂಚಿನಲ್ಲಿ ಇರುತ್ತೀರಿ.

ಗೌಳಿಗರು ಅಂದಾಗ ಒಬ್ಬ ಅಜ್ಜನ ನೆನಪಾಗುತ್ತದೆ. ಅವರ ನಾಯಿಯ ಫೋಟೋ ತೆಗೆಯಲು ಮೂರು ದಿನ ಬೆಳಿಗ್ಗೆ ಹೋಗಿದ್ದೆ. ನಾಯಿ ಎಮ್ಮೆಗಳ ನಡುವೆ ಸುಮ್ನೆ ಮಲಗಿರುತ್ತಿತ್ತು. ನಾನು ಓಡುವುದನ್ನೇ ಕಾಯುತ್ತಿದ್ದೆ. ಎರಡನೇ ದಿನ ಅಜ್ಜ ನನ್ನ ಪಕ್ಕ ಬಂದು ಕೂತು ಹೇಳಿದರು, "ಸಾಹೇಬ್ರ, ಅದು ಓಡೂದು ಯಾವಾಗೋ ಒಮ್ಮೆ. ಕಿವಿ ನೋಡ್ರಿ. ಮೊದ್ಲ ಕಿವಿ ಏಳ್ತದ." ಮೂರನೇ ದಿನ ಕಿವಿಯನ್ನೇ ನೋಡುತ್ತಾ ಕೂತೆ. ಒಂದು ಕರು ಗುಂಪು ಬಿಟ್ಟು ಕಾಡಿನ ಕಡೆ ಹೊರಟಿತು. ನಾಯಿಯ ಎಡಗಿವಿ ಎದ್ದಿತು, ಆಮೇಲೆ ತಲೆ, ಆಮೇಲೆ ಇಡೀ ಮೈ. ಅವತ್ತು ಸಿಕ್ಕಿದ ಹತ್ತು ಹನ್ನೆರಡು ಫೋಟೋಗಳಲ್ಲಿ ನನಗೆ ಈಗಲೂ ಇಷ್ಟ ಆಗುವುದು ಕಿವಿ ಎದ್ದು ಮೈ ಇನ್ನೂ ಏಳದ ಒಂದು ಫೋಟೋ. ಅದರ ಪ್ರಿಂಟ್ ಅಜ್ಜನಿಗೆ ಕೊಟ್ಟು ಬಂದೆ. ಅವರ ಮಾತು ನಾನು ಕಲಿಸುವ ಹುಡುಗರಿಗೆಲ್ಲ ಹೇಳುತ್ತೇನೆ.

ಪೊಲೀಸ್ ಶ್ವಾನದಳದಂಥ ಕಡೆ ಫೋಟೋ ತೆಗೆಯುವ ಅವಕಾಶ ಸಿಕ್ಕರೆ ಮೊದಲು ಅನುಮತಿ, ಆಮೇಲೆ ಕ್ಯಾಮೆರಾ. ಕಾರವಾರದಲ್ಲಿ ನೌಕಾನೆಲೆ ಇದೆ, ಅದರ ಆಸುಪಾಸಿನಲ್ಲಿ ನಾಯಿ ಇರಲಿ, ಹಕ್ಕಿ ಇರಲಿ, ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯಬೇಡಿ. ಕೆಲಸದಲ್ಲಿರುವ ನಾಯಿಯನ್ನು ಹೆಸರು ಹಿಡಿದು ಕರೆಯುವುದು, ಸಿಳ್ಳೆ ಹಾಕುವುದು, ಬಿಸ್ಕಿಟ್ ತೋರಿಸುವುದು, ಫ್ಲ್ಯಾಶ್ ಹೊಡೆಯುವುದು ಯಾವುದೂ ಬೇಡ. ಬಾಂಬ್ ಮೂಸುವ ನಾಯಿ ವಾಸನೆ ಸಿಕ್ಕಿದ ಕೂಡಲೇ ಬೊಗಳುವುದಿಲ್ಲ, ಕೆರೆಯುವುದಿಲ್ಲ, ಸುಮ್ಮನೆ ಕೂತುಬಿಡುತ್ತದೆ. ಅದಕ್ಕೆ ಹಾಗೆ ಕಲಿಸಿರುತ್ತಾರೆ. ನಿಮ್ಮ ಸಿಳ್ಳೆಗೆ ಅದು ತಲೆ ತಿರುಗಿಸಿದರೆ ಹ್ಯಾಂಡ್ಲರ್ ತಿಂಗಳುಗಟ್ಟಲೆ ಪಟ್ಟ ಶ್ರಮಕ್ಕೆ ಪೆಟ್ಟು. ಅವರು ಎಲ್ಲಿ ನಿಲ್ಲಿ ಅನ್ನುತ್ತಾರೋ ಅಲ್ಲೇ ನಿಲ್ಲಿ.

ಬಣ್ಣದ ಬಗ್ಗೆಯೂ ಒಂದು ಮಾತು. ಕಪ್ಪು ಲ್ಯಾಬ್ರಡಾರ್, ಡಾಬರ್‌ಮನ್ ಫ್ರೇಮಿನ ತುಂಬ ಬಂದರೆ ಕ್ಯಾಮೆರಾ ಕತ್ತಲೆ ಅಂತ ತಿಳಿದು ಬೆಳಕು ಜಾಸ್ತಿ ಮಾಡುತ್ತದೆ, ನಾಯಿ ಬೂದು ಬಣ್ಣಕ್ಕೆ ಬರುತ್ತದೆ. ಒಂದು ಸ್ಟಾಪ್ ಕಮ್ಮಿ ಮಾಡಿ. ನಾಯಿ ಕಪ್ಪಾಗೇ ಬರುತ್ತದೆ, ಜೊತೆಗೆ ಶಟರ್ ಎರಡು ಪಟ್ಟು ಬೇಗ ಸಿಗುತ್ತದೆ. ಬಿಳಿ ಮರಳಿನ ಮೇಲೆ ಸಣ್ಣಗೆ ಕಾಣುವ ಕಪ್ಪು ನಾಯಿಗೆ ಇದು ತಿರುಗಾಮುರುಗಾ. ಮಾಜಾಳಿ ಹತ್ತಿರದ ತೀಳ್‌ಮಾತಿಯಲ್ಲಿ ಮರಳೇ ಎಳ್ಳಿನ ಹಾಗೆ ಕಪ್ಪು, ಅಲ್ಲಿ ಮತ್ತೆ ಕಮ್ಮಿಯೇ ಮಾಡಬೇಕು.

ಎಫ್ 2.8ರಲ್ಲಿ ಕಷ್ಟ ಇಲ್ಲ ಅಂತಲ್ಲ. ಒಂದು, ದುಡ್ಡು. ಎರಡು, ಫೋಕಸ್ ತೀರಾ ತೆಳು. 200 ಎಂಎಂಗೆ ಎಫ್ 2.8 ಇಟ್ಟು 5 ಮೀಟರ್ ದೂರದ ನಾಯಿಯನ್ನು ತೆಗೆದರೆ ಸ್ಪಷ್ಟ ಬರುವ ಜಾಗ ಸುಮಾರು 10 ಸೆಂಟಿಮೀಟರ್ ಮಾತ್ರ. ಉದ್ದ ಮೂತಿಯ ನಾಯಿಯಾದರೆ ಮೂಗು ಚೆನ್ನಾಗಿ ಬಂದು ಕಣ್ಣು ಹೋಗಿರುತ್ತದೆ. 10 ಮೀಟರಿಗೆ ಹೋದರೆ ಅದು 40 ಸೆಂಟಿಮೀಟರ್ ದಾಟುತ್ತದೆ, ಆಗ ತೊಂದರೆ ಇಲ್ಲ. ಹತ್ತಿರದ್ದಕ್ಕೆ ಕಂಡಿ ಸಣ್ಣ ಮಾಡಿ ಎಫ್ 4 ಇಟ್ಟುಕೊಳ್ಳಿ. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳು ಪ್ರಾಣಿಯ ಕಣ್ಣನ್ನು ತಾವೇ ಹುಡುಕುತ್ತವೆ. ಆದರೆ ಕಪ್ಪು ಮುಖದಲ್ಲಿ ಕಪ್ಪು ಕಣ್ಣು, ಮೇಲಿಂದ ಮಬ್ಬು ಬೆಳಕು ಇದ್ದರೆ ಅವೂ ತಡಕಾಡುವುದನ್ನು ನೋಡಿದ್ದೇನೆ.

ದುಡ್ಡಿನ ವಿಷಯಕ್ಕೆ ನನ್ನ ಸಲಹೆ ಇಷ್ಟು. ಹೊಸ 70-200 ಎಫ್ 2.8ಕ್ಕೆ ಲಕ್ಷದ ಮೇಲೆ ಆಗುತ್ತದೆ, ಎಲ್ಲರಿಗೂ ಆಗುವ ಮಾತಲ್ಲ. ಕೊಳೆ ರೋಗದಲ್ಲಿ ಅರ್ಧ ಫಸಲು ಉದುರಿದ ವರ್ಷ ಯಾರಿಗೂ ನಾನು ಅದನ್ನು ತಗೊಳ್ಳಿ ಅನ್ನುವುದಿಲ್ಲ. ಸ್ಟೆಬಿಲೈಸರ್ ಇಲ್ಲದ ಹಳೆ ಮಾಡೆಲ್ ಸೆಕೆಂಡ್ ಹ್ಯಾಂಡ್ ನೋಡಿ. 1/1000ದಲ್ಲಿ ತೆಗೆಯುವವರಿಗೆ ಸ್ಟೆಬಿಲೈಸರ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಆಟೋಫೋಕಸ್ ನಿಮ್ಮ ಕ್ಯಾಮೆರಾದಲ್ಲಿ ಬೇಗ ಓಡುತ್ತದಾ ಅಂತ ಹಾಕಿ ನೋಡಿಯೇ ತಗೊಳ್ಳಿ. ಅದೂ ಜಾಸ್ತಿ ಆಯಿತು ಅಂದರೆ 85 ಎಂಎಂ ಎಫ್ 1.8. ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾಕ್ಕೆ ಅದನ್ನು ಹಾಕಿದರೆ 7 ಮೀಟರ್ ದೂರದ ನಾಯಿ ಪೂರ್ತಿ ಬರುತ್ತದೆ, ಬೆಳಕು ಎಫ್ 2.8ಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಝೂಮ್ ಇಲ್ಲ, ನಿಜ. ತೋಟದಲ್ಲಿ ನಾಲ್ಕು ಹೆಜ್ಜೆ ಹಿಂದೆ ಮುಂದೆ ಹೋದರೆ ಆಯಿತು.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆ ಹಾಗೆ ಎಳೆ ಎಳೆ ಕಂಡರೆ ಅದು ಬೂಸ್ಟು, ಬಿಟ್ಟುಬಿಡಿ. ಘಟ್ಟದ ಮೇಲೂ ಕೆಳಗೂ ಮಳೆಗಾಲದ ತೇವಕ್ಕೆ ಇದು ಬಹಳ ಬೇಗ ಬರುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ. ಅಡುಗೆಮನೆ ಅಟ್ಟದಲ್ಲಿ ಬೆಚ್ಚಗಿರುತ್ತದೆ ಅಂತ ಒಬ್ಬರು ಅಲ್ಲಿ ಇಟ್ಟು ಹೊಗೆ ಹಿಡಿಸಿ ತಂದಿದ್ದರು, ನನಗೆ ನಿಜಕ್ಕೂ ಬೇಜಾರಾಯಿತು. ಗಾಳಿ ಆಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವಾಂಶ ಶೇಕಡಾ 40ರಿಂದ 50ರ ಒಳಗೆ. ಕಡಲ ದಂಡೆಯಲ್ಲಿ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಹೊರಮೈಯ ಉಪ್ಪು ಒರೆಸಿ.

ನಾಯಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ತರಲು ನೆಲಕ್ಕೆ ಮಲಗುವವರು ಇದ್ದೀರಿ. ಒಳ್ಳೆಯದೇ. ಆದರೆ ಜನವರಿಯಿಂದ ಮೇವರೆಗೆ ಸಿದ್ದಾಪುರ ಕಡೆ ಕಾಡಂಚಿನಲ್ಲಿ ಮಲಗುವ ಮುಂಚೆ ಉಣುಗಿನ ನೆನಪಿರಲಿ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ, ನಾಯಿಯ ಮೈಯನ್ನೂ ನೋಡಿ.

ಯಲ್ಲಾಪುರದವರಿಗೆ ನನ್ನ ಹಳೆ 70-200 ಒಂದು ವಾರಕ್ಕೆ ಕೊಟ್ಟು ಕಳಿಸಿದ್ದೆ. ವಾಪಸ್ ತರುವಾಗ ಒಂದು ಫೋಟೋ ತೋರಿಸಿದರು. ಮುಂಗಾಲು ಎರಡೂ ಮೇಲೆ, ಕೆಸರಿನ ಹನಿ ಗಾಳಿಯಲ್ಲಿ, ಕಣ್ಣು ಮೇಲಿನ ಸೋಗೆಯ ಕಡೆ. 1/1000, ಐಎಸ್ಓ 6400. ಅವರು ಮಾತೇ ಆಡಲಿಲ್ಲ, ಫೋಟೋ ನೋಡುತ್ತಾ ನಿಂತಿದ್ದರು.

ನೀವೂ ಲೆನ್ಸ್ ತಗೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸನ್ನೇ ತಗೊಂಡು ನಾಯಿ ಕೆಲಸ ಮಾಡುವ ಜಾಗಕ್ಕೆ, ಅದು ಕೆಲಸ ಮಾಡುವ ಹೊತ್ತಿಗೇ ಹೋಗಿ. ಶಟರ್ 1/1000, ಅಪರ್ಚರ್ 5.6 ಇಟ್ಟು ಐಎಸ್ಓ ಆಟೋಗೆ ಬಿಡಿ. ಒಂದು ಫೋಟೋ ತೆಗೆದು ಐಎಸ್ಓ ಎಷ್ಟಾಯಿತು ನೋಡಿ. 3200ರ ಒಳಗಿದ್ದರೆ ನಿಮಗೆ ಎಫ್ 2.8 ಬೇಡವೇ ಬೇಡ, ಆ ದುಡ್ಡು ಉಳಿಸಿ. 12800 ಮುಟ್ಟಿದರೆ ಝೂಮಿನ ಮಾತು ಬಿಟ್ಟುಬಿಡಿ. ಸ್ಟುಡಿಯೋಗೆ ಬರುವಾಗ ಆ ನಂಬರ್ ಬರೆದುಕೊಂಡು ಬನ್ನಿ. ನಾಯಿಯನ್ನೂ ಕರೆದುಕೊಂಡು ಬಂದರೆ ಇನ್ನೂ ಸಂತೋಷ.