ಫಲಕ ಓದಿದವರು ಕಲ್ಲಿನ ಕಡೆ ತಿರುಗಬೇಕು

ಶಾಸನ ಓದುವುದು ನನ್ನ ಕಸುಬು. ಅದರ ಬೆನ್ನಿಗೇ ಬಂದ ಇನ್ನೊಂದು ಕೆಲಸ, ಸ್ಮಾರಕಗಳ ಮುಂದೆ ನಿಲ್ಲಿಸುವ ಫಲಕಗಳಿಗೆ ಒಕ್ಕಣೆ ಬರೆದುಕೊಡುವುದು. "ಮೇಷ್ಟ್ರೇ, ನಾಲ್ಕು ಸಾಲು ಬರ್ಕೊಡಿ, ಸಂಜೆ ಪ್ರಿಂಟಿಗೆ ಹೋಗ್ಬೇಕು" ಅಂತ ಫೋನು ಬರುತ್ತದೆ. ಆ ನಾಲ್ಕು ಸಾಲಿಗೆ ನಾನು ಒಂದು ವಾರ ಕೇಳುತ್ತೇನೆ. ಯಾಕೆಂದು ಚಿತ್ರದುರ್ಗದ ಕೋಟೆಯೊಳಗೆ ನಿಂತು ಹೇಳುವುದೇ ಸುಲಭ.

ಮದ್ದು ಬೀಸುವ ಕಲ್ಲುಗಳ ಹತ್ತಿರ ಹೋಗಿ. ಆಳವಾದ ಗುಂಡಿಯೊಳಗೆ ನಾಲ್ಕು ಭಾರೀ ಬೀಸುಗಲ್ಲುಗಳಿವೆ. ಅಲ್ಲಿ "ನಮ್ಮ ಭವ್ಯ ಪರಂಪರೆಯ ಪ್ರತೀಕ" ಎಂದು ಬರೆದರೆ ನೋಡಲು ಬಂದವನಿಗೆ ಸಿಕ್ಕಿದ್ದೇನು? "ಇವು ರಾಗಿ ಬೀಸಿದ ಕಲ್ಲುಗಳಲ್ಲ. ಕೋಟೆಯ ತೋಪುಗಳಿಗೆ ಬೇಕಾದ ಮದ್ದನ್ನು ಇಲ್ಲಿ ಅರೆಯುತ್ತಿದ್ದರು" ಎಂದಿದ್ದರೆ ಅವನು ಕಂಬಿ ಹಿಡಿದು ಬಗ್ಗಿ ನೋಡುತ್ತಾನೆ. ಹಾಗೆ ಬಗ್ಗಿಸುವುದೇ ಫಲಕದ ಕೆಲಸ. ಪಾಳೆಯಗಾರರ ವಂಶಾವಳಿಯನ್ನೆಲ್ಲ ಅಲ್ಲಿ ತುಂಬಿದರೆ ಜನ ಫಲಕದ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ, ಗುಂಡಿ ನೋಡುವುದಿಲ್ಲ.

ಓಬವ್ವನ ಕಿಂಡಿಯಲ್ಲಿ ಇನ್ನಷ್ಟು ಎಚ್ಚರ ಬೇಕು. ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಹೋದವಳು, ನುಸುಳಿ ಬರುತ್ತಿದ್ದ ಹೈದರಾಲಿಯ ಸಿಪಾಯಿಗಳನ್ನು ಒನಕೆಯಿಂದ ಬಡಿದ ಕತೆ ದುರ್ಗದ ಮಕ್ಕಳಿಗೆಲ್ಲ ಗೊತ್ತು. ಅದನ್ನು ಜನರ ನೆನಪಾಗಿಯೇ ಗೌರವದಿಂದ ಬರೆಯಬೇಕು. ಎಷ್ಟು ತಲೆ ಉರುಳಿದವು ಎಂಬ ಲೆಕ್ಕ ಹಾಕಬಾರದು. ಲೆಕ್ಕಕ್ಕಿಂತ ಆ ಬಂಡೆಯ ಸಂದಿನ ಅಗಲ ಹೆಚ್ಚು ಹೇಳುತ್ತದೆ. ಒಬ್ಬೊಬ್ಬರೇ ತೂರಬೇಕಾದ ಜಾಗ ಅದು. ಒಮ್ಮೆ ತೂರಿ ಬಂದವರಿಗೆ ಒಬ್ಬ ಹೆಣ್ಣುಮಗಳು ಅಲ್ಲಿ ಹೇಗೆ ನಿಂತಿರಬಹುದು ಎನ್ನುವುದು ತಾನಾಗಿಯೇ ತಿಳಿಯುತ್ತದೆ.

ಈ ಪಾಠ ನಾನು ಹಳೆಯ ಕಲ್ಲುಗಳಿಂದಲೇ ಕಲಿತದ್ದು. ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ನಾಲ್ಕನೆಯ ಶತಮಾನದ ಪ್ರಾಕೃತ ಶಾಸನವಿದೆ. ಮೂರೇ ಸಾಲು. ಕದಂಬರ ಮಯೂರಶರ್ಮನ ಹೆಸರು, ಕೆರೆಯ ಸಂಗತಿ, ಪಲ್ಲವರು, ಆಭೀರರು ಮೊದಲಾದವರ ಹೆಸರು, ಅಷ್ಟಕ್ಕೆ ಮುಗಿಯಿತು. ಮೊಳಕಾಲ್ಮೂರಿನ ಕಡೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರ ಕಣ್ಣಿಗೆ ಬಿತ್ತು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಂದಿನ ಅಧಿಕಾರಿಗಳಿಗೆ, ಬಂದ ಆಜ್ಞೆ ಅದು. ಕೊನೆಗೆ ಬರೆದವನ ಹೆಸರೂ ಇದೆ: ಚಪಡ. ತಾನು ಲಿಪಿಕಾರ ಎಂಬುದನ್ನು ಅವನು ಖರೋಷ್ಠಿಯಲ್ಲಿ, ವಾಯವ್ಯ ಭಾರತದ ಆ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಷ್ಟು ದೂರದ ಬರವಣಿಗೆ ಬಲ್ಲ ಒಬ್ಬ ನಮ್ಮ ನೆಲದ ಬಂಡೆಯ ಮೇಲೆ ರುಜು ಹಾಕಿದ್ದಾನಲ್ಲ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ಫಲಕಗಳಿಗೆ ಆ ರುಜು ಇರುವುದಿಲ್ಲ. ಹಿಂದೊಮ್ಮೆ ನಾನು ಬರೆದುಕೊಟ್ಟ ಒಕ್ಕಣೆಯಲ್ಲಿ ಹೈದರಾಲಿ ದುರ್ಗವನ್ನು ಗೆದ್ದ 1779, ಅಚ್ಚಾಗಿ ಬರುವಾಗ 1799 ಆಗಿತ್ತು. ಅದು ಟಿಪ್ಪು ಮಡಿದ ವರ್ಷ. ತಿದ್ದಿಸಿ ಎಂದು ಕೇಳಿಕೊಂಡೆ. ಸ್ಟಿಕ್ಕರ್ ಅಂಟಿಸಿದರು, ಬಿಸಿಲಿಗೆ ಅದು ಎದ್ದುಹೋಯಿತು. ಕೆಲವು ತಿಂಗಳ ಮೇಲೆ ಶಾಲೆಯ ಹುಡುಗಿಯೊಬ್ಬಳು ನೋಟ್‌ಬುಕ್ಕಿಗೆ ತಪ್ಪು ವರ್ಷವನ್ನೇ ಇಳಿಸಿಕೊಳ್ಳುತ್ತಿದ್ದಳು. "ಅದು ತಪ್ಪು ಕಣಮ್ಮ" ಅಂದೆ. "ಬೋರ್ಡಲ್ಲೇ ಐತಲ್ಲ ಸಾರ್" ಅಂದಳು. ಅವಳಿಗೆ ಏನು ಹೇಳಲಿ? ಅಂದಿನಿಂದ ಕರಡು ಪ್ರತಿಯನ್ನು ಅಂಕಿ ಅಂಕಿಯಾಗಿ ನೋಡದೆ ಅಚ್ಚಿಗೆ ಬಿಡುವುದಿಲ್ಲ. ಬರೆದವರು ಯಾರು, ನಿಲ್ಲಿಸಿದ ತಿಂಗಳು ವರ್ಷ ಯಾವುದು ಎಂಬುದನ್ನೂ ಕೆಳಗೆ ಹಾಕಿಸುತ್ತೇನೆ. ತಪ್ಪಿದ್ದರೆ ಯಾರನ್ನು ಕೇಳಬೇಕೆಂದು ತಿಳಿಯಲಿ.

ಇನ್ನು ಸಾಮಗ್ರಿ. ಫ್ಲೆಕ್ಸ್ ಬೇಡ. ಹೊಳೆಯುವ ಸ್ಟೀಲ್ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಗ್ರಾನೈಟಿನಲ್ಲಿ ಕೊರೆದ ಅಕ್ಷರದ ಬಣ್ಣ ಹೋದರೂ ಗೀರು ಉಳಿಯುತ್ತದೆ. ಹಳೆಯ ಗೋಡೆಗೆ ಮೊಳೆ ಹೊಡೆಯುವುದಂತೂ ಅಪರಾಧ. ಕೋಟೆ ಕೇಂದ್ರ ಪುರಾತತ್ತ್ವ ಇಲಾಖೆಯ ಸುಪರ್ದಿಯಲ್ಲಿದೆ, ಅನುಮತಿಯಿಲ್ಲದೆ ಒಂದು ಕಂಬವನ್ನೂ ಅಲ್ಲಿ ನೆಡುವಂತಿಲ್ಲ. ಊರೊಳಗಿನ ರಂಗಯ್ಯನ ಬಾಗಿಲಿನಂಥ ಕಡೆ ಓದುಗರು ಬೈಕಿನ ಮೇಲಿರುತ್ತಾರೆ. ಅಲ್ಲಿಗೆ ದಪ್ಪಕ್ಷರದ ಹೆಸರು, ಒಂದು ಸಾಲು ಸಾಕು.

ನನಗೆ ತುಂಬ ದಿನದಿಂದ ಇರುವ ಆಸೆ ನೀರಿನ ದಾರಿಗೊಂದು ಫಲಕಮಾಲೆ. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡ, ಹಾಗೇ ಇಳಿದು ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ. ಮಳೆ ಕಮ್ಮಿಯ ಈ ಸೀಮೆಯಲ್ಲಿ ಬಂಡೆಯ ಮೇಲೆ ಬಿದ್ದ ಹನಿಯನ್ನೂ ಪೋಲಾಗಲು ಬಿಡದ ಜನರ ಬುದ್ಧಿ ಅದು. ದಿನವೂ ಸಂತೆಹೊಂಡದ ಪಕ್ಕ ಓಡಾಡುವವರಲ್ಲಿ ಎಷ್ಟೋ ಜನ ಈ ನಂಟನ್ನು ಕೇಳಿಯೇ ಇಲ್ಲ. ಅಲ್ಲಿಗೆಂದು ಬರೆದಿಟ್ಟುಕೊಂಡ ಒಕ್ಕಣೆ ಇಷ್ಟೇ: "ಈ ನೀರು ಬೆಟ್ಟದ ಮೇಲಿನ ಹೊಂಡಗಳನ್ನು ಒಂದೊಂದಾಗಿ ತುಂಬಿಸಿ ಇಲ್ಲಿಗೆ ಇಳಿಯುವಂತೆ ಹಿಂದಿನವರು ದಾರಿ ಮಾಡಿದರು. ತಲೆಯೆತ್ತಿ ಕೋಟೆ ನೋಡಿ, ಅದು ಬರುವುದು ಅಲ್ಲಿಂದ." ಕೆಳಗೆ ತಿಂಗಳು, ವರ್ಷ, ಹೆಸರಿಗೆ ಜಾಗ ಬಿಟ್ಟಿದ್ದೇನೆ.