ತೋಷಾಖಾನೆಯ 53 ಬೀಗದ ಕೈ

ನನ್ನ ಪ್ರಾಕ್ಟೀಸ್‌ನಲ್ಲಿ ದೇವಸ್ಥಾನ, ಮಠ, ದರ್ಗಾ ಕೇಸುಗಳೇ ಜಾಸ್ತಿ. ಫೈಲ್ ಮೇಲೆ ಡಿಕ್ಲರೇಷನ್ ಅಂತ ಇರ್ಲಿ, ಇಂಜಂಕ್ಷನ್ ಅಂತ ಇರ್ಲಿ, ಒಳಗಿನ ಜಗಳ ಮಾತ್ರ ಹೆಚ್ಚುಕಮ್ಮಿ ಒಂದೇ, ಬೀಗದ ಕೈ ಯಾರ ಹತ್ರ ಇರ್ಬೇಕು. ಹುಂಡಿ ಕೈ, ಗರ್ಭಗುಡಿ ಕೈ, ಆಭರಣದ ಪೆಟ್ಟಿಗೆ ಕೈ. ಒಂದ್ಸಲ ಕೋರ್ಟ್ ಕಮಿಷನರ್ ಆಗಿ ಒಂದು ಹಳ್ಳಿಗೆ ಹೋಗಿದ್ದೆ, ಎರಡು ಬಣದವ್ರು ಒಂದೇ ಬಾಗಿಲಿಗೆ ಎರಡು ಬೀಗ ಜಡಿದಿದ್ರು, ಅರ್ಚಕರು ನೈವೇದ್ಯದ ತಟ್ಟೆ ಇಟ್ಕೊಂಡು ಹೊರಗಡೆ ಕಟ್ಟೆ ಮೇಲೆ ಕೂತಿದ್ರು, ಮಧ್ಯಾಹ್ನ ಎರಡು ಗಂಟೆವರೆಗೂ ದೇವ್ರಿಗೆ ಊಟ ಇಲ್ಲ.

ಇದನ್ಯಾಕೆ ಹೇಳ್ತಿದೀನಿ ಅಂದ್ರೆ, ಮೊನ್ನೆ ಆಫೀಸಲ್ಲಿ ನಮ್ಮ ಜೂನಿಯರ್ ಹುಡುಗ ಮೊಬೈಲಲ್ಲಿ ಕೆನಡಾದ ಖಾಲಿಸ್ತಾನ್, ಅಂದ್ರೆ ಸಿಖ್ಖರಿಗೆ ಬೇರೆ ದೇಶ ಬೇಕು ಅನ್ನೋ ಗಲಾಟೆಯ ಸುದ್ದಿ ನೋಡ್ತಾ "ಸಾರ್, ಈ ಸಿಖ್ಖರಿಗೆ ಆ್ಯಕ್ಚುಲಿ ಏನ್ ಬೇಕು ಸಾರ್, ದೇಶಾನಾ ಧರ್ಮಾನಾ" ಅಂತ ಕೇಳ್ದ. ಟಿವಿಯವ್ರು ಇದಕ್ಕೆ ಮ್ಯಾಪ್ ತೋರ್ಸಿ ಉತ್ತರ ಕೊಡ್ತಾರೆ. ನಾನು ಹೇಳಿದ್ದು ಬೀಗದ ಕೈ ಕಥೆ.

ಹಿಂದಿನದು ಸ್ವಲ್ಪ ಬೇಗ ಹೇಳ್ಬಿಡ್ತೀನಿ. ಗುರು ಅರ್ಜನ್ ದೇವ್ ಅವರನ್ನ 1606ರಲ್ಲಿ ಲಾಹೋರಲ್ಲಿ ಮೊಘಲರು ಕೊಂದ್ಮೇಲೆ ಮಗ ಹರಗೋಬಿಂದ್ ಎರಡು ಕತ್ತಿ ಕಟ್ಕೊಂಡ್ರು, ಒಂದು ಮೀರಿ, ಅಂದ್ರೆ ಲೋಕದ ಅಧಿಕಾರ, ಇನ್ನೊಂದು ಪೀರಿ, ಅಂದ್ರೆ ಅಧ್ಯಾತ್ಮದ್ದು. ಅಮೃತಸರದ ಹರಿಮಂದಿರದ, ಅಂದ್ರೆ ಸ್ವರ್ಣಮಂದಿರದ, ಎದುರಿಗೇ ಅಕಾಲ್ ತಖ್ತ್ ಎದ್ದಿದ್ದು ಈ ಕಾರಣಕ್ಕೆ, ಒಂದು ಕಡೆ ಪ್ರಾರ್ಥನೆ, ಇನ್ನೊಂದು ಕಡೆ ದರ್ಬಾರು. 1675ರಲ್ಲಿ ದೆಹಲಿಯಲ್ಲಿ ಗುರು ತೇಗ್ ಬಹಾದ್ದೂರರ ತಲೆ ಹೋಯ್ತು, 1699ರ ಬೈಸಾಖಿ ದಿನ ಆನಂದಪುರದಲ್ಲಿ ಖಾಲ್ಸಾ, ಅಂದ್ರೆ ದೀಕ್ಷೆ ಪಡೆದ ಸಿಖ್ಖರ ಪಂಥ, ಹುಟ್ತು, ಅವತ್ತು ತಲೆ ಕೊಡೋಕೆ ಎದ್ದು ನಿಂತ ಐದು ಜನರಲ್ಲಿ ಒಬ್ರು ನಮ್ಮ ಬೀದರ್‌ನವ್ರು, ಕ್ಷೌರಿಕ ವೃತ್ತಿಯ ಸಾಹಿಬ್ ಚಂದ್, ಆಮೇಲೆ ಭಾಯಿ ಸಾಹಿಬ್ ಸಿಂಗ್. ಬೀದರ್ ಝೀರಾ ಗುರುದ್ವಾರಕ್ಕೆ ಹೋಗಿ ನೀರು ಕುಡಿದು ಬರೋ ಎಷ್ಟೋ ಜನ ಕನ್ನಡಿಗರಿಗೇ ಇದು ಗೊತ್ತಿಲ್ಲ ಬಿಡಿ. ಬಂದಾ ಸಿಂಗ್ 1710ರಲ್ಲಿ ಸರ್ಹಿಂದ್ ಗೆದ್ದು ಗುರುಗಳ ಹೆಸರಲ್ಲಿ ನಾಣ್ಯ ಹಾಕ್ಸಿದ, ರಣಜಿತ್ ಸಿಂಗ್ 1799ರಲ್ಲಿ ಲಾಹೋರ್ ಹಿಡಿದು ರಾಜ್ಯ ಕಟ್ಟಿದ, 1849ರಲ್ಲಿ ಬ್ರಿಟಿಷರು ಅದನ್ನ ನುಂಗಿದ್ರು. ಅಂದ್ರೆ ಸಿಖ್ಖರಿಗೆ ರಾಜ್ಯ ಅನ್ನೋದು ಕನಸಲ್ಲ, ಅಜ್ಜನ ಕಾಲದ ನೆನಪು.

ಈಗ ನನ್ನ ಏರಿಯಾಗೆ ಬರೋಣ.

ಪಂಜಾಬ್ ಕೈಗೆ ಬಂದ್ಮೇಲೆ ಬ್ರಿಟಿಷರು ಸ್ವರ್ಣಮಂದಿರದ ಆಡಳಿತಕ್ಕೆ ಸರ್ಬರಾಹ್ ಅಂತ ತಮ್ಮ ಮ್ಯಾನೇಜರನ್ನ ಇಟ್ಟರು. ಬೇರೆ ಗುರುದ್ವಾರಗಳನ್ನ ನೋಡ್ಕೊಳ್ಳೋಕೆ ಮಹಂತರು ಇದ್ರು, ಬಹಳಷ್ಟು ಜನ ಉದಾಸಿ ಅನ್ನೋ ಸನ್ಯಾಸಿ ಪಂಥದವ್ರು, ಮೊಘಲರು ಸಿಖ್ಖರನ್ನ ಅಟ್ಟಿಸ್ಕೊಂಡು ಹೋಗ್ತಿದ್ದ ಕಾಲದಲ್ಲಿ ಗುರುದ್ವಾರಗಳನ್ನ ಉಳಿಸ್ಕೊಂಡವ್ರು ಅವ್ರೇ, ಅದನ್ನ ಮರೀಬಾರ್ದು. ತೊಂದ್ರೆ ಶುರುವಾಗಿದ್ದು ಕಂದಾಯ ದಾಖಲೆಯಲ್ಲಿ. ಸೆಟಲ್‌ಮೆಂಟ್ ಮಾಡುವಾಗ ಎಷ್ಟೋ ಕಡೆ ಗುರುದ್ವಾರದ ಜಮೀನು ಮಹಂತನ ಹೆಸರಿಗೇ ಹತ್ತಿ ಹೋಯ್ತು, ಅದೇ ಹೊತ್ತಿಗೆ ಕಾಲುವೆ ನೀರು ಬಂತು, ಬೀಳು ಬಿದ್ದಿದ್ದ ನೆಲಕ್ಕೆ ಬಂಗಾರದ ಬೆಲೆ ಬಂತು. ಪಹಣಿಯಲ್ಲಿ ಅರ್ಚಕರ ಹೆಸರು ಕೂತಿರೋ ಇನಾಂ ಜಮೀನಿನ ಕೇಸು ನಡೆಸಿದ ಯಾವ ವಕೀಲನಿಗೂ ಮುಂದೇನಾಯ್ತು ಅಂತ ಬಿಡಿಸಿ ಹೇಳ್ಬೇಕಿಲ್ಲ. ದೇವರ ಸೇವೆಗೆ ಇದ್ದವ್ನು ಜಮೀನ್ದಾರ ಆದ, ಭಕ್ತ ಕೇಳೋಕೆ ಹೋದ್ರೆ ಕೋರ್ಟ್ ಫೀ ಕಟ್ಟಿ ಸಿವಿಲ್ ದಾವೆ ಹಾಕು ಅಂದ್ರು, ದಾವೆ ವರ್ಷಗಟ್ಟಲೆ.

ಇದ್ರ ಮೇಲೆ 1919. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರ್ಸಿದ ಡಯರ್‌ಗೆ ಸ್ವರ್ಣಮಂದಿರದ ಸರ್ಕಾರಿ ಸರ್ಬರಾಹ್ ಅರೂರ್ ಸಿಂಗ್ ಸಿರೋಪಾ, ಅಂದ್ರೆ ಗೌರವದ ವಸ್ತ್ರ, ಹೊದಿಸಿ ಗೌರವ ಮಾಡಿದ್ರು. ಬಾಗ್ ಇರೋದು ಅಲ್ಲೇ, ನಡ್ಕೊಂಡು ಹೋಗೋ ದೂರ. ದೇವಸ್ಥಾನದ ಕೈ ಸರ್ಕಾರದ ಹತ್ರ ಇದ್ರೆ ಏನಾಗುತ್ತೆ ಅಂತ ಸಾಮಾನ್ಯ ರೈತನಿಗೂ ಅವತ್ತು ಅರ್ಥ ಆಯ್ತು.

ಮುಂದಿನ ವರ್ಷ, 1920ರ ಅಕ್ಟೋಬರ್ 12ಕ್ಕೆ, ಹಿಂದುಳಿಸಿದ ಜಾತಿಗಳಿಂದ ಸಿಖ್ಖರಾದ ಒಂದಷ್ಟು ಜನ ಕಡಾ ಪ್ರಸಾದ ತಗೊಂಡು ಹರಿಮಂದಿರಕ್ಕೆ ಬಂದ್ರು, ಪೂಜಾರಿಗಳು ಮುಟ್ಟಲ್ಲ ಅಂದ್ರು. ವಾದ ಬೆಳೆದು ಕೊನೆಗೆ ಗ್ರಂಥ ತೆಗೆದು ನೋಡೋಣ ಅಂತಾಯ್ತು, ತೆರೆದ ಪುಟದಲ್ಲಿ ಬಂದ ವಾಕ್ಯ ಅವರ ಪರವಾಗೇ ಇತ್ತು, ಪ್ರಸಾದ ಸ್ವೀಕಾರ ಆಯ್ತು. ಅಲ್ಲಿಂದ ಅವರೆಲ್ಲ ಅಕಾಲ್ ತಖ್ತ್‌ಗೆ ಹೋದ್ರೆ ಅಲ್ಲಿನ ಪೂಜಾರಿಗಳು ಜಾಗ ಬಿಟ್ಟು ಎದ್ದೇ ಹೋಗಿದ್ರು. ನನಗೆ ಈ ಪ್ರಸಂಗ ಬಹಳ ಇಷ್ಟ, ಯಾಕಂದ್ರೆ ಇಷ್ಟು ದೊಡ್ಡ ಚಳವಳಿಯ ಬಾಗಿಲು ತೆಗೆದಿದ್ದು ಒಂದು ತಟ್ಟೆ ಹಲ್ವಾ. ಖಾಲಿಯಾದ ಜಾಗಕ್ಕೆ ಯಾರು ಅನ್ನೋ ಪ್ರಶ್ನೆಗೆ ನವೆಂಬರಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಕಮಿಟಿ ಹುಟ್ತು, ಡಿಸೆಂಬರಲ್ಲಿ ಅಕಾಲಿ ದಳ. ಮೊದಲು ಆಡಳಿತ ಮಂಡಳಿ, ಅದರ ಹಿಂದೆ ಪಾರ್ಟಿ, ಈ ಕ್ರಮ ನೆನಪಿಟ್ಕೊಳ್ಳಿ. 1921ರ ಫೆಬ್ರವರಿ 20ಕ್ಕೆ ಗುರು ನಾನಕರ ಜನ್ಮಸ್ಥಳ ನನಕಾನಾ ಸಾಹಿಬಲ್ಲಿ ಮಹಂತ ನಾರಾಯಣ ದಾಸ್ ತನ್ನ ಕೂಲಿ ಬಂಟರನ್ನ ಬಿಟ್ಟು ಒಳಗೆ ಬಂದ ಜಥಾದ, ಅಂದ್ರೆ ಸಿಖ್ಖರ ತಂಡದ, ನೂರಕ್ಕೂ ಹೆಚ್ಚು ಜನರನ್ನ ಕೊಲ್ಲಿಸ್ದ, ಕೆಲವ್ರನ್ನ ಸುಟ್ಟು ಹಾಕಿದ್ರು.

ಆಮೇಲೆ ಬಂದಿದ್ದೇ ಚಾಬಿಯಾಂ ದಾ ಮೋರ್ಚಾ, ಕೀಲಿಕೈ ಹೋರಾಟ. 1921ರ ನವೆಂಬರ್ 7ಕ್ಕೆ ಅಮೃತಸರದ ಡೆಪ್ಯುಟಿ ಕಮಿಷನರ್ ಕಡೆಯಿಂದ ಒಬ್ಬ ಅಧಿಕಾರಿ ಸುಂದರ್ ಸಿಂಗ್ ರಾಮಗಢಿಯಾ ಅವರ ಮನೆಗೆ ಹೋಗಿ ತೋಷಾಖಾನೆಯ 53 ಬೀಗದ ಕೈ ತಗೊಂಡು ಬಂದ. ತೋಷಾಖಾನೆ ಅಂದ್ರೆ ರಣಜಿತ್ ಸಿಂಗ್ ಕಾಲದ ಬಂಗಾರ, ವಜ್ರ, ಮುತ್ತು ಎಲ್ಲ ಇರೋ ಖಜಾನೆ. ಮಜಾ ನೋಡಿ, ರಾಮಗಢಿಯಾ ಸರ್ಕಾರ ನೇಮಿಸಿದ ಸರ್ಬರಾಹೂ ಹೌದು, ಕಮಿಟಿಯ ಸೆಕ್ರೆಟರಿಯೂ ಹೌದು, ಹಾಗಾಗಿ ಕೈ ಅವರ ಹತ್ರ ಇದ್ದಿದ್ದು ಯಾವ ಹುದ್ದೆಯಿಂದ ಅನ್ನೋದೇ ಪಾಯಿಂಟು. ನಮ್ಮ ಕೋರ್ಟಲ್ಲಾದ್ರೆ ಇದೊಂದೇ ಇಶ್ಯೂ ಮೇಲೆ ಹತ್ತು ವರ್ಷ ಎವಿಡೆನ್ಸ್ ನಡೀತಿತ್ತು. ಅವರು ಕೋರ್ಟಿಗೆ ಹೋಗ್ಲಿಲ್ಲ, ಸಭೆ ಮಾಡಿದ್ರು, ಜೈಲಿಗೆ ಹೋದ್ರು, ಸರ್ಕಾರ ಕಳ್ಸಿದ ಹೊಸ ಮ್ಯಾನೇಜರನ್ನ ಒಳಗೇ ಬಿಟ್ಕೊಳ್ಳಲಿಲ್ಲ. ಎರಡೂವರೆ ತಿಂಗಳೊಳಗೆ, 1922ರ ಜನವರಿ 19ಕ್ಕೆ, ತುಂಬಿದ ಸಭೆಯಲ್ಲಿ ಸರ್ಕಾರಿ ಅಧಿಕಾರಿಯೇ ಬಂದು ಕಮಿಟಿ ಅಧ್ಯಕ್ಷ ಬಾಬಾ ಖಡಕ್ ಸಿಂಗ್ ಕೈಗೆ ಗೊಂಚಲು ಒಪ್ಪಿಸಬೇಕಾಯ್ತು. ಸ್ವಾತಂತ್ರ್ಯದ ಮೊದಲ ಯುದ್ಧ ಗೆದ್ರಿ ಅಂತ ಗಾಂಧೀಜಿ ತಂತಿ ಕಳ್ಸಿದ್ರು. ಖಜಾನೆ ಕೀಲಿ ವಾಪಸ್ ಬಂದಿದ್ದಕ್ಕೆ ದೇಶದ ಸ್ವಾತಂತ್ರ್ಯದ ಮಾತು, ಧರ್ಮ ಯಾವುದು ರಾಜಕೀಯ ಯಾವುದು ಅಂತ ಗೆರೆ ಎಳೆಯೋಕೆ ಹೋಗೋರು ಇಲ್ಲಿ ಒಂದ್ನಿಮಿಷ ನಿಲ್ಲಬೇಕು.

ಅದೇ ವರ್ಷದ ಆಗಸ್ಟಲ್ಲಿ ಗುರು ಕಾ ಬಾಗ್. ಅಮೃತಸರದ ಹತ್ರ ಅಜ್ನಾಲಾ ಕಡೆ ಒಂದು ಗುರುದ್ವಾರ, ಅಲ್ಲಿನ ಮಹಂತ ಗುರುದ್ವಾರ ಬಿಟ್ಟುಕೊಟ್ಟೆ ಆದ್ರೆ ಜಮೀನು ನಂದೇ ಅಂದ. ಲಂಗರಿಗೆ, ಅಂದ್ರೆ ದಾಸೋಹದ ಅಡುಗೆಗೆ, ಸೌದೆ ಬೇಕು, ಐದು ಜನ ಅಕಾಲಿಗಳು ಜಾಲಿ ಮರದ ಒಣಗಿದ ಕಟ್ಟಿಗೆ ಕಡಿದ್ರು, ಪೊಲೀಸ್ನವ್ರು ಕಳ್ಳತನದ ಕೇಸ್ ಹಾಕಿ ಒಳಗೆ ಹಾಕಿದ್ರು. ಸೌದೆ ಕಳ್ಳತನ! ಆಮೇಲೆ ದಿನಾ ಒಂದು ಜಥಾ ಅಕಾಲ್ ತಖ್ತ್ ಮುಂದೆ ಕೈ ಎತ್ತಲ್ಲ ಅಂತ ಪ್ರಮಾಣ ಮಾಡಿ ಹೊರಡೋದು, ದಾರಿಯಲ್ಲಿ ಪೊಲೀಸರು ಲೋಹದ ತುದಿ ಇರೋ ಲಾಠಿಯಲ್ಲಿ ಬಡಿಯೋದು, ಬಿದ್ದವ್ರು ಎದ್ದು ಮತ್ತೆ ಮುಂದೆ ಬರೋದು. ಇವರಲ್ಲಿ ಬಹಳ ಜನ ಮೊದಲ ಮಹಾಯುದ್ಧದಲ್ಲಿ ಇದೇ ಬ್ರಿಟಿಷರ ಪರ ಬಂದೂಕು ಹಿಡಿದು ಬಂದ ಸೈನಿಕರು, ಹೊಡೆಯೋದು ಹೇಗೆ ಅಂತ ಪೊಲೀಸರಿಗಿಂತ ಚೆನ್ನಾಗಿ ಗೊತ್ತಿದ್ದವ್ರು. ಪಾದ್ರಿ ಸಿ.ಎಫ್. ಆಂಡ್ರ್ಯೂಸ್ ಸೆಪ್ಟೆಂಬರಲ್ಲಿ ಕಣ್ಣಾರೆ ನೋಡಿ ಏಸುವಿನ ಶಿಲುಬೆಯನ್ನೇ ನೆನೆಸ್ಕೊಂಡ್ರು, ಗವರ್ನರ್ ಬಂದು ಹೊಡೆತ ನಿಲ್ಲಿಸ್ದ, ಆದ್ರೆ ಅರೆಸ್ಟ್ ನಿಲ್ಲಲಿಲ್ಲ, ಐದು ಸಾವಿರ ದಾಟ್ತು. ಕೊನೆಗೆ ಮುಗಿಸಿದ್ದು ಯಾರು ಗೊತ್ತಾ, ಒಬ್ಬ ರಿಟೈರ್ಡ್ ಎಂಜಿನಿಯರ್. ಲಾಹೋರಿನ ಸರ್ ಗಂಗಾರಾಮ್ ಆ ಜಮೀನನ್ನ ಮಹಂತನಿಂದ ಲೀಸ್‌ಗೆ ತಗೊಂಡು, ನಂಗೇನೂ ಪೊಲೀಸ್ ರಕ್ಷಣೆ ಬೇಡ ಅಂತ ಸರ್ಕಾರಕ್ಕೆ ಹೇಳಿದ್ರು. ಅಷ್ಟೇ. ಒಂದು ಲೀಸ್ ಡೀಡ್! ಡ್ರಾಫ್ಟಿಂಗ್ ಕಲಿಯೋ ಹುಡುಗ್ರಿಗೆ ನಾನು ಈ ಕಥೆ ಹೇಳದೆ ಬಿಡಲ್ಲ.

ಎಲ್ರೂ ಪೆಟ್ಟು ತಿಂದು ಸುಮ್ನಿದ್ರು ಅಂತಲ್ಲ, ಬಬ್ಬರ್ ಅಕಾಲಿಗಳು ಬೇರೆಯಾಗಿ ಬಂದೂಕು ಹಿಡಿದ್ರು, 1926ರಲ್ಲಿ ಆರು ಜನರನ್ನ ಗಲ್ಲಿಗೆ ಹಾಕಿದ್ರು. ಅಷ್ಟರಲ್ಲಿ ಕಾನೂನು ಬಂದಿತ್ತು, ಸಿಖ್ ಗುರುದ್ವಾರಾಸ್ ಆ್ಯಕ್ಟ್, 1925ರ ನವೆಂಬರ್ 1ರಿಂದ ಜಾರಿ.

ಈ ಆ್ಯಕ್ಟನ್ನ ಕೂತು ಓದಬೇಕು, ಅಷ್ಟು ಸ್ವಾರಸ್ಯವಾಗಿದೆ. ಮಹಂತರ ಕೈಯಿಂದ ತಗೊಂಡ ಅಧಿಕಾರವನ್ನ ಸರ್ಕಾರ ಇಟ್ಕೊಳ್ಳಲಿಲ್ಲ, ಚುನಾಯಿತ ಬೋರ್ಡಿಗೆ, ಅಂದ್ರೆ ಅದೇ ಪ್ರಬಂಧಕ ಕಮಿಟಿಗೆ, ಕೊಡ್ತು, ಆ ಚುನಾವಣೆಯಲ್ಲಿ ಹೆಂಗಸರಿಗೂ ವೋಟು, 1925ರಲ್ಲಿ! ನಮ್ಮ ಮುಜರಾಯಿ ಪದ್ಧತಿಯಲ್ಲಿ ಕಮಿಷನರು, ತಹಸೀಲ್ದಾರರು, ವ್ಯವಸ್ಥಾಪನಾ ಸಮಿತಿಗೆ ನೇಮಕ, ಅಲ್ಲಿ ಬ್ಯಾಲೆಟ್ ಪೆಟ್ಟಿಗೆ. ಇನ್ನೊಂದು, ಸಿಖ್ ಅಂದ್ರೆ ಯಾರು ಅಂತ ಕಾನೂನಲ್ಲೇ ಬರೆದ್ರು. ಅನುಮಾನ ಬಂದ್ರೆ ಆ ವ್ಯಕ್ತಿ ಘೋಷಣೆ ಮಾಡ್ಬೇಕು, ನಾನು ಸಿಖ್, ಗುರು ಗ್ರಂಥ ಸಾಹಿಬನ್ನ ನಂಬ್ತೀನಿ, ಹತ್ತು ಗುರುಗಳನ್ನ ನಂಬ್ತೀನಿ, ನನಗೆ ಬೇರೆ ಧರ್ಮ ಇಲ್ಲ ಅಂತ. ಆ ಕೊನೇ ತುಂಡು, ಬೇರೆ ಧರ್ಮ ಇಲ್ಲ ಅನ್ನೋದು, ಅದೇ ಇಡೀ ಚಳವಳಿಯ ಬೆನ್ನುಮೂಳೆ. ಇದನ್ನ ತಲೇಲಿಟ್ಕೊಂಡು ಸಂವಿಧಾನದ 25ನೇ ವಿಧಿ ಓದಿ. ಮೊದಲ ವಿವರಣೆ ಕಿರ್ಪಾಣ್, ಅಂದ್ರೆ ಕತ್ತಿ, ಧರಿಸೋದು ಸಿಖ್ ಧರ್ಮದ ಭಾಗ ಅನ್ನುತ್ತೆ, ಎರಡನೇ ವಿವರಣೆ ಸಮಾಜ ಸುಧಾರಣೆ ಮತ್ತು ದೇವಸ್ಥಾನ ಪ್ರವೇಶದ ಉಪವಾಕ್ಯಕ್ಕೆ ಮಾತ್ರ ಹಿಂದೂ ಅನ್ನೋ ಪದದಲ್ಲಿ ಸಿಖ್, ಜೈನ, ಬೌದ್ಧರೂ ಸೇರ್ತಾರೆ ಅನ್ನುತ್ತೆ. ವಕೀಲನ ಕಣ್ಣಿಗೆ ಅದು ಬರೀ ವ್ಯಾಖ್ಯೆಯ ಅನುಕೂಲ, ಇಡೀ ಸಮುದಾಯವನ್ನ ಹಿಂದೂ ಅಂತ ಮಾಡೋ ವಾಕ್ಯ ಅಲ್ಲ. ಆದ್ರೆ ಇಪ್ಪತ್ತೈದು ವರ್ಷ ಹಿಂದೆ ಬೇರೆ ಧರ್ಮ ಇಲ್ಲ ಅಂತ ಕಾನೂನಲ್ಲಿ ಬರೆಸಿಕೊಂಡವ್ರಿಗೆ ಆ ಸಾಲು ಚುಚ್ಚಿತು, ಅಕಾಲಿ ಪ್ರತಿನಿಧಿಗಳು ಸಂವಿಧಾನವನ್ನ ಒಪ್ಪಲಿಲ್ಲ, 1984ರ ಫೆಬ್ರವರಿಯಲ್ಲಿ ಅಕಾಲಿ ನಾಯಕರು 25ನೇ ವಿಧಿಯ ಪ್ರತಿಯನ್ನೇ ಸುಟ್ಟರು. ಲಿಂಗಾಯತ ಪ್ರತ್ಯೇಕ ಧರ್ಮದ ಗಲಾಟೆಯನ್ನ 2018ರಲ್ಲಿ ಹತ್ತಿರದಿಂದ ನೋಡಿದ ನಮಗೆ ಈ ಬೇಗೆ ತೀರಾ ಅಪರಿಚಿತ ಅಲ್ಲ.

ನವೆಂಬರ್ 1 ಅಂದ್ನಲ್ಲ, ನಮಗೆ ಅದು ರಾಜ್ಯೋತ್ಸವ, 1956. ಪಂಜಾಬಿಗೆ ಭಾಷಾವಾರು ರಾಜ್ಯ ಸಿಕ್ಕಿದ್ದೂ ನವೆಂಬರ್ 1ಕ್ಕೇ, ಆದ್ರೆ ಹತ್ತು ವರ್ಷ ಲೇಟು, 1966. ಕನ್ನಡ ಅಂತ ಕೇಳಿದ್ರೆ ಭಾಷೆ ಅಂದ್ರು, ಪಂಜಾಬಿ ಅಂತ ಕೇಳಿದ್ರೆ ಇದು ಧರ್ಮದ ಬೇಡಿಕೆ ಭಾಷೆಯ ವೇಷ ಹಾಕಿದೆ ಅಂದ್ರು. ಪೂರ್ತಿ ಸುಳ್ಳಲ್ಲ ಅದು, ಆದ್ರೆ ಹತ್ತು ವರ್ಷ ಜೈಲು ತುಂಬಿಸ್ಕೊಂಡು ಆಮೇಲೆ ಕೊಟ್ಟರೆ ಕೊಟ್ಟ ಪುಣ್ಯ ಎಲ್ಲಿ ಉಳಿಯುತ್ತೆ, ಅದೂ ಚಂಡೀಗಢ ಬಿಟ್ಟು. ಅಕಾಲಿ ದಳದ 1973ರ ಆನಂದಪುರ ಸಾಹಿಬ್ ನಿರ್ಣಯವನ್ನ ದೇಶದ್ರೋಹದ ಕಾಗದ ಅಂತ ಎಷ್ಟು ಜನ ಬೈದ್ರೋ ಅಷ್ಟು ಜನ ಓದಿಲ್ಲ, ಅದರಲ್ಲಿದ್ದ ಮುಖ್ಯ ಮಾತು ರಕ್ಷಣೆ, ವಿದೇಶಾಂಗ, ಕರೆನ್ಸಿ, ಸಂಪರ್ಕದಂಥದ್ದು ಕೇಂದ್ರಕ್ಕೆ, ಉಳಿದದ್ದು ರಾಜ್ಯಕ್ಕೆ ಅಂತ. ರಾಮಕೃಷ್ಣ ಹೆಗಡೆ 1983ರ ಮಾರ್ಚಲ್ಲಿ ಬೆಂಗಳೂರಿಗೆ ದಕ್ಷಿಣದ ಮುಖ್ಯಮಂತ್ರಿಗಳನ್ನ ಕರೆಸಿ ರಾಜ್ಯಗಳ ಹಕ್ಕಿನ ಬಗ್ಗೆ ಮಾತಾಡಿದಾಗ ಯಾರೂ ಅವರನ್ನ ಪ್ರತ್ಯೇಕತಾವಾದಿ ಅನ್ಲಿಲ್ಲ, ಅದೇ ತಿಂಗಳು ಕೇಂದ್ರ-ರಾಜ್ಯ ಸಂಬಂಧ ನೋಡೋಕೆ ಸರ್ಕಾರಿಯಾ ಆಯೋಗದ ಘೋಷಣೆ ಆಯ್ತು.

ಆಮೇಲಿನದು ನಿಮಗೆ ಗೊತ್ತು. 1984ರ ಜೂನಲ್ಲಿ ಸೇನೆ ಸ್ವರ್ಣಮಂದಿರದೊಳಗೆ ಹೋಯ್ತು, ಅಕಾಲ್ ತಖ್ತ್ ಒಡೆದು ಹೋಯ್ತು, ಅಕ್ಟೋಬರ್ 31ಕ್ಕೆ ಇಂದಿರಾ ಹತ್ಯೆ, ಅದರ ಬೆನ್ನಿಗೆ ದೆಹಲಿಯಲ್ಲೇ ಸರ್ಕಾರಿ ಲೆಕ್ಕದಲ್ಲಿ 2,733 ಜನ ಸಿಖ್ಖರ ಕೊಲೆ. ಖಾಲಿಸ್ತಾನ ಅಂತ ಅಕಾಲ್ ತಖ್ತ್‌ನಿಂದ ಘೋಷಣೆ ಆಗಿದ್ದು 1986ರ ಏಪ್ರಿಲ್ 29ಕ್ಕೆ, ಅಂದ್ರೆ ಇಷ್ಟೆಲ್ಲ ಆದ್ಮೇಲೆ. ಉಗ್ರರು ಬಸ್ಸಿಂದ ಇಳಿಸಿ ಹಿಂದೂಗಳನ್ನ ಕೊಂದ್ರು, ಕೇಂದ್ರದ ಜೊತೆ ಒಪ್ಪಂದ ಮಾಡ್ಕೊಂಡ ಅಕಾಲಿ ನಾಯಕ ಲೊಂಗೋವಾಲರನ್ನ ಕೊಂದ್ರು, ಬಾಂಬಿಟ್ಟ ಏರ್ ಇಂಡಿಯಾ ಕನಿಷ್ಕ ವಿಮಾನದಲ್ಲಿ 329 ಜನ ಹೋದ್ರು. ಪೊಲೀಸರು ಏನು ಮಾಡಿದ್ರು ಅನ್ನೋದಕ್ಕೆ ಅಮೃತಸರ ಜಿಲ್ಲೆಯೊಂದರಲ್ಲೇ ಸಿಬಿಐ ಲೆಕ್ಕ ಹಾಕಿದ 2,097 ಗುಟ್ಟಿನ ಶವದಹನ ಸಾಕು. ನಮ್ಮ ಬೀದರಲ್ಲೂ 1988ರಲ್ಲಿ ಓದೋಕೆ ಬಂದಿದ್ದ ಸಿಖ್ ಹುಡುಗ್ರನ್ನ ಗುಂಪು ಕಟ್ಕೊಂಡು ಕೊಂದ್ರು, ಪಂಚ ಪ್ಯಾರೆಗಳಲ್ಲಿ, ಅಂದ್ರೆ ಖಾಲ್ಸಾದ ಆ ಮೊದಲ ಐದು ಜನರಲ್ಲಿ, ಒಬ್ಬರ ಊರಲ್ಲಿ.

ಜೂನಿಯರ್‌ಗೆ ಒಂದು ಜಡ್ಜ್‌ಮೆಂಟ್ ಓದೋಕೆ ಕೊಟ್ಟೆ, ಬಲವಂತ್ ಸಿಂಗ್ ವರ್ಸಸ್ ಸ್ಟೇಟ್ ಆಫ್ ಪಂಜಾಬ್, 1995. ಇಂದಿರಾ ಹತ್ಯೆಯಾದ ದಿನವೇ ಚಂಡೀಗಢದಲ್ಲಿ ಒಂದು ಸಿನಿಮಾ ಥಿಯೇಟರ್ ಹತ್ರ ಇಬ್ಬರು ಸರ್ಕಾರಿ ನೌಕರರು ಖಾಲಿಸ್ತಾನ್ ಜಿಂದಾಬಾದ್ ಅಂತ ಕೂಗಿದ್ರು, ಜನ ತಿರುಗಿಯೂ ನೋಡ್ಲಿಲ್ಲ, ಪೊಲೀಸ್ನವ್ರು ರಾಜದ್ರೋಹ ಹಾಕಿದ್ರು. ಹತ್ತು ವರ್ಷ ದಾಟಿದ್ಮೇಲೆ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡ್ತು, ಇಬ್ಬರು ಒಂದೆರಡು ಸಲ ಕೂಗಿದ್ದಷ್ಟಕ್ಕೇ ಅದು ರಾಜದ್ರೋಹ ಆಗಲ್ಲ ಅಂತ. ಅದನ್ನ ಓದಿ ಬಂದು ಅವ್ನು ಕೇಳಿದ್ದು ಬೇರೆ ಪ್ರಶ್ನೆ, "ಹಂಗಾದ್ರೆ ಈಗ ಆ ಕೈ ಯಾರ ಹತ್ರ ಇದೆ ಸಾರ್?"

ಕಮಿಟಿ ಹತ್ರ. ಅದರಲ್ಲಿ ಗೆದ್ದ ಪಾರ್ಟಿಗೆ ಗೋಲಕ್, ಅಂದ್ರೆ ಹುಂಡಿ, ಇದೆ, ಕಾಲೇಜು ಇದೆ, ಆಸ್ಪತ್ರೆ ಇದೆ, ನೌಕರಿ ಕೊಡೋ ಅಧಿಕಾರ ಇದೆ, ಅದಕ್ಕೇ ಅಕಾಲಿ ರಾಜಕೀಯದ ಒಳಜಗಳ ಎಲ್ಲ ಸುತ್ತಿ ಸುತ್ತಿ ಗುರುದ್ವಾರದ ಅಂಗಳಕ್ಕೇ ಬಂದು ಬೀಳುತ್ತೆ. ಹರಿಯಾಣದವ್ರು 2014ರಲ್ಲಿ ನಮ್ಮ ಕೈ ನಮಗೆ ಅಂತ ಬೇರೆ ಕಾನೂನು ಮಾಡ್ಕೊಂಡ್ರು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಸಹಜಧಾರಿಗಳಿಗೆ, ಅಂದ್ರೆ ಕೂದಲು ಬಿಡೋಂಥ ಖಾಲ್ಸಾ ನಿಯಮ ಪಾಲಿಸದ ಸಿಖ್ಖರಿಗೆ, ವೋಟು ಇದೆಯಾ ಇಲ್ವಾ ಅಂತ ವರ್ಷಗಟ್ಟಲೆ ಕೇಸು ನಡೆದು, 2016ರಲ್ಲಿ ತಿದ್ದುಪಡಿ ತಂದು ಅವರನ್ನ ಹೊರಗಿಟ್ಟರು. ಕಮಿಟಿಯ ಅವಧಿ ಐದು ವರ್ಷ ಅಂತ ಆ್ಯಕ್ಟಲ್ಲಿ ಇದೆ, ಕೊನೇ ಸಾರ್ವತ್ರಿಕ ಚುನಾವಣೆ ನಡೆದಿದ್ದು 2011ರಲ್ಲಿ.